ಅಮ್ಮ ಅಮೆರಿಕದಿಂದ ಬಂದು ಆರು ದಿನ ಆಯ್ತು, ರಾತ್ರಿ ನಿದ್ದೇನೇ ಇಲ್ಲ, ಏನ್ ಮಾಡೋದು?

ರೇಷ್ಮೆಮನೆ ಹುಡುಗ, ಶಿಡ್ಲಘಟ್ಟ ತಾಲ್ಲೂಕು:

ಎಲ್ರಿಗೂ ನಮಸ್ಕಾರ. ನಮ್ಮಮ್ಮಂಗೆ 61 ವರ್ಷ. ತಂಗಿ ಬಾಣಂತನಕ್ಕೆ ಅಂತ ಏಪ್ರಿಲ್‌ನಲ್ಲಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೋಗಿದ್ರು, ದಸರಾಗೆ ಮುಂಚೆ ಊರಲ್ಲಿರ್ಬೇಕು ಅಂತ ಹಟ ಮಾಡ್ಕೊಂಡು ಹೋದ ವಾರ ವಾಪಸ್ ಬಂದ್ರು. ದುಬೈ ಮೇಲೆ ಬಂದಿದ್ದು, ಅಲ್ಲಿ ಕಾದಿದ್ದೆಲ್ಲಾ ಸೇರಿ ಒಂದಿಡೀ ದಿನ ದಾರೀಲೇ ಆಯ್ತು. ಏರ್‌ಪೋರ್ಟಿಂದ ಮನೆವರೆಗೂ ಕಾರಲ್ಲಿ ಪಾಪು ಬಗ್ಗೇನೇ ಮಾತಾಡ್ಕೊಂಡು ಬಂದ್ರು, ಸರಿ ಆರಾಮಾಗಿದ್ದಾರೆ ಅನ್ಕೊಂಡೆ.

ಆದ್ರೆ ಅವತ್ತಿಂದ ರಾತ್ರಿ ಹತ್ತಕ್ಕೆ ಮಲಗಿದ್ರೆ ಹನ್ನೊಂದೂವರೆಗೆಲ್ಲಾ ಎದ್ದು ಕೂತ್ಕೋತಾರೆ. ಯಾಕಮ್ಮಾ ಅಂದ್ರೆ ಪಾಪುಗೆ ನೀರು ಹಾಕೋ ಹೊತ್ತಾಯ್ತು ಕಣೋ ಅಂತಾರೆ, ಕೇಳಿ ನಂಗೆ ಏನ್ ಹೇಳ್ಬೇಕೋ ಗೊತ್ತಾಗ್ಲಿಲ್ಲ. ಆಮೇಲೆ ತಂಗಿಗೆ ವಿಡಿಯೋ ಕಾಲ್ ಮಾಡ್ತಾರೆ, ಒಂದು ಗಂಟೆ ಮಾತು, ಅದು ಮುಗಿದ್ಮೇಲೆ ಎರಡು ಗಂಟೆ ರಾತ್ರೀಲಿ ರೇಷ್ಮೆ ಹುಳು ಮನೆಗೆ ಹೋಗಿ ಟ್ಯೂಬ್‌ಲೈಟೆಲ್ಲಾ ಹಾಕಿ ಸೊಪ್ಪು ಹಾಕ್ತಾ ನಿಂತಿರ್ತಾರೆ. ಹಸಿವಾಗುತ್ತೆ ಅಂತ ಮೊಸರನ್ನ ಬೇರೆ ತಿಂತಾರೆ. ಬೆಳಗ್ಗೆ ಹೊತ್ತೇರಿದ್ಮೇಲೆ ಕೂತಲ್ಲೇ ತೂಕಡಿಕೆ, ಮಧ್ಯಾಹ್ನ ಒಂದಕ್ಕೆ ಮುದ್ದೆ ತಿಂದು ಕಿಟಕಿ ಮುಚ್ಕೊಂಡು ಮಲಗಿದ್ರೆ ಸಂಜೆ ಆರರವರೆಗೂ ಎಬ್ಸಕ್ಕಾಗಲ್ಲ.

ಅಪ್ಪ ಹೇಳ್ತಾರೆ, ಹುಳ ದೊಡ್ಡದಾದಾಗ ರಾತ್ರಿಯೆಲ್ಲಾ ಎದ್ದಿದ್ದು ಅಭ್ಯಾಸ ಇರೋಳು, ತಾನಾಗೇ ಸರಿಹೋಗುತ್ತೆ ಬಿಡು ಅಂತ. ಪಕ್ಕದ ಮನೆ ಅಜ್ಜಿ ದೃಷ್ಟಿ ತೆಗೆದು ಹೋದ್ರು. ಅಮ್ಮಂಗೆ ಶುಗರ್ ಇದೆ, ಬಿಪಿ ಮಾತ್ರೇನೂ ತಗೋತಾರೆ, ಅದೇ ನಂಗೆ ಭಯ. ತಂಗಿ ಬ್ಯಾಗಲ್ಲಿ ಮೆಲಟೋನಿನ್ ಅಂತ 10 ಎಂಜಿ ಮಾತ್ರೆ ಡಬ್ಬಿ ಇಟ್ಟು ಕಳಿಸಿದಾಳೆ, ಅಲ್ಲಿ ಅಂಗಡೀಲೇ ಸಿಗುತ್ತಂತೆ. ಅದು ಕೊಡಬಹುದಾ, ಇಲ್ಲಾ ನಿದ್ದೆ ಮಾತ್ರೆ ಏನಾದ್ರೂ ತರ್ಲಾ? ಗೊತ್ತಿರೋರು ದಯವಿಟ್ಟು ಹೇಳಿ.

ತಿಪಟೂರು ತೆಂಗು:

ಬ್ರದರ್, ಮೊದಲು ಗಾಬರಿ ಬಿಡಿ. ನಾನು ಕೆಲಸದ ಮೇಲೆ ವರ್ಷಕ್ಕೆ ಎರಡು ಮೂರು ಸಲ ಕ್ಯಾಲಿಫೋರ್ನಿಯಾಗೆ ಹೋಗಿಬರೋನು, ಮೊದಮೊದಲು ನಾನೂ ತುಂಬಾ ಒದ್ದಾಡಿದೀನಿ, ಒಂದ್ಸಲ ಊರಿಗೆ ಬಂದ ಮೂರನೇ ದಿನ ಬೈಕ್ ಓಡಿಸ್ತಾ ಗುಬ್ಬಿ ಹತ್ರ ಜೋಂಪು ಹತ್ತಿ ಬೀಳೋದ್ರಲ್ಲಿದ್ದೆ. ಆಮೇಲೆ ಇದು ಯಾಕಾಗುತ್ತೆ ಅಂತ ಕೂತು ಓದ್ದೆ.

ಈಗ ಅಲ್ಲಿಗೂ ನಮಗೂ ಹನ್ನೆರಡೂವರೆ ಗಂಟೆ ವ್ಯತ್ಯಾಸ, ನವೆಂಬರಲ್ಲಿ ಅವ್ರು ಗಡಿಯಾರ ಹಿಂದಕ್ಕೆ ಇಟ್ಮೇಲೆ ಹದಿಮೂರೂವರೆ ಆಗುತ್ತೆ. ಅಂದ್ರೆ ಹಗಲು ರಾತ್ರಿ ಪೂರ್ತಿ ತಿರುಗಾಮುರುಗಾ. ನಿಮ್ಮಮ್ಮ ಎದ್ದು ಕೂರೋ ರಾತ್ರಿ ಹನ್ನೊಂದೂವರೆ ಅಲ್ಲಿ ಬೆಳಗ್ಗೆ ಹನ್ನೊಂದು, ಪಾಪುಗೆ ನೀರು ಹಾಕೋ ಹೊತ್ತು ಅಂದಿದ್ದು ಅವ್ರ ದೇಹದ ಲೆಕ್ಕದಲ್ಲಿ ಸರಿಯಾಗೇ ಇದೆ. ಮಧ್ಯಾಹ್ನ ಒಂದು ಅಂದ್ರೆ ಅಲ್ಲಿ ನಡುರಾತ್ರಿ ಹನ್ನೆರಡೂವರೆ, ಸಂಜೆ ಐದು ಅಂದ್ರೆ ಬೆಳಗಿನ ಜಾವ ನಾಲ್ಕೂವರೆ. ಅದಕ್ಕೇ ಎಬ್ಸಕ್ಕಾಗ್ತಿಲ್ಲ.

ನಮ್ಮ ಮೆದುಳಲ್ಲಿ ಎರಡು ಕಣ್ಣಿನ ನರ ಒಂದನ್ನೊಂದು ದಾಟೋ ಜಾಗದ ಮೇಲೆ ಒಂದು ಸಣ್ಣ ಗಂಟು ಇದೆ, ಅದೇ ಇಡೀ ದೇಹದ ಗಡಿಯಾರ. ಅದಕ್ಕೆ ಹೊತ್ತು ತಿಳಿಯೋದು ಕಣ್ಣಿಗೆ ಬೀಳೋ ಬೆಳಕಿಂದ. ಜೀವಕೋಶದ ಒಳಗೆ ಈ ಗಡಿಯಾರ ಹೆಂಗೆ ನಡೆಯುತ್ತೆ ಅಂತ ಕಂಡುಹಿಡಿದಿದ್ದಕ್ಕೆ 2017ರಲ್ಲಿ ಮೂರು ಜನಕ್ಕೆ ನೊಬೆಲ್ ಬಂತು, ಅವ್ರು ಅದನ್ನ ನೋಡಿದ್ದು ಹಣ್ಣಿನ ಮೇಲೆ ಕೂರೋ ಸಣ್ಣ ನೊಣದಲ್ಲಿ. ಈ ಗಡಿಯಾರ ಒಂದೇ ದಿನಕ್ಕೆ ತಿರುಗಲ್ಲ, ದಿನಕ್ಕೆ ಒಂದು ಒಂದೂವರೆ ಗಂಟೆ ಸರಿಯುತ್ತೆ ಅಷ್ಟೇ. ಇಷ್ಟು ದೊಡ್ಡ ವ್ಯತ್ಯಾಸಕ್ಕೆ ಎಂಟು ಹತ್ತು ದಿನ ಬೇಕೇ ಬೇಕು.

ಆದ್ರೆ ನಿಮ್ಮ ಮನೇಲಿ ಅದು ಸರಿಯೋಕೇ ಬಿಡ್ತಿಲ್ಲ ನೋಡಿ! ಬೆಳಕು ಬೇಕಾದ ಮಧ್ಯಾಹ್ನ ಕಿಟಕಿ ಮುಚ್ಚಿ ಕತ್ತಲೆ, ಕತ್ತಲೆ ಬೇಕಾದ ನಡುರಾತ್ರಿ ಮೊಬೈಲು, ಟ್ಯೂಬ್‌ಲೈಟು. ಗಡಿಯಾರ ಇನ್ನೂ ಸ್ಯಾನ್ ಹೋಸೇಲೇ ಇದೀನಿ ಅನ್ಕೊಂಡಿರುತ್ತೆ. ಮಧ್ಯಾಹ್ನ ಊಟ ಆದ್ಮೇಲೆ ಒಳಗೆ ಬಿಡಲೇಬೇಡಿ, ಜಗಲಿ ಮೇಲೋ ಹಿಪ್ಪುನೇರಳೆ ತೋಟದ ಬದೀಲೋ ಕತ್ತಲಾಗೋವರೆಗೂ ಹೊರಗೇ ಇರ್ಲಿ, ಮೋಡ ಇದ್ರೂ ಪರವಾಗಿಲ್ಲ, ಮೋಡದ ಬೆಳಕೂ ಟ್ಯೂಬ್‌ಲೈಟ್‌ಗಿಂತ ಎಷ್ಟೋ ಪಾಲು ಜಾಸ್ತಿ. ತೀರಾ ತಡೆಯಕ್ಕಾಗ್ಲಿಲ್ಲ ಅಂದ್ರೆ ಇಪ್ಪತ್ತು ನಿಮಿಷ, ಅದೂ ಕುರ್ಚೀಲಿ, ಅಲಾರಂ ಇಟ್ಟು. ಮಧ್ಯಾಹ್ನದ ಮೇಲೆ ಕಾಫಿ ಕೊಡ್ಬೇಡಿ, ರಾತ್ರಿವರೆಗೂ ಅದರ ಕಾವು ಇರುತ್ತೆ.

ನರ್ಸಕ್ಕ, ಕೋಲಾರ:

ತಮ್ಮಾ, ಮಾತ್ರೆ ವಿಷ್ಯ ನಾನು ಹೇಳ್ತೀನಿ, ಇದರಲ್ಲಿ ಆಟ ಆಡ್ಬೇಡಿ. ನಿದ್ದೆ ಮಾತ್ರೆ ಡಾಕ್ಟರ್ ಬರೆದುಕೊಡದೆ ತರಲೇಬೇಡಿ. ಆ ವಯಸ್ಸಲ್ಲಿ ಮಾತ್ರೆ ಮಂಪರಲ್ಲಿ ರಾತ್ರಿ ಬಾತ್‌ರೂಮಿಗೆ ಎದ್ದು ಬಿದ್ದು ಸೊಂಟದ ಮೂಳೆ ಮುರ್ಕೊಂಡು ಬಂದೋರನ್ನ ನಾನೇ ವಾರ್ಡಲ್ಲಿ ನೋಡಿದೀನಿ.

ಮೆಲಟೋನಿನ್ ನಮ್ಮ ದೇಹದಲ್ಲೇ ಕತ್ತಲಾದ್ಮೇಲೆ ಬರೋ ಹಾರ್ಮೋನು, ಈಗ ರಾತ್ರಿ ಅಂತ ದೇಹಕ್ಕೆ ಸುದ್ದಿ ಕೊಡೋದು ಅದರ ಕೆಲಸ. ಜೆಟ್ ಲ್ಯಾಗ್‌ಗೆ, ಅಂದ್ರೆ ದೂರದ ವಿಮಾನ ಪ್ರಯಾಣದಿಂದ ಹಿಂಗೆ ನಿದ್ದೆ ಹೊತ್ತು ತಪ್ಪೋದಕ್ಕೆ, ಅದು ಉಪಯೋಗ ಆಗುತ್ತೆ ನಿಜ, ಆದ್ರೆ ಅರ್ಧ ಎಂಜಿಯಿಂದ 5 ಎಂಜಿ ಒಳಗೇ ಸಾಕು, 10 ಯಾಕೆ? ಹೊತ್ತು ತಪ್ಪಿ ಕೊಟ್ರೆ ಇನ್ನೂ ಗೋಜಲು, ಇಲ್ಲಿನ ಲೆಕ್ಕದಲ್ಲಿ ಮಲಗೋ ಹೊತ್ತಿಗೇ ಕೊಡ್ಬೇಕು. ರಕ್ತ ತೆಳು ಮಾಡೋ ಮಾತ್ರೆ, ಫಿಟ್ಸ್ ಮಾತ್ರೆ ತಗೊಳ್ಳೋರಿಗೆ ಡಾಕ್ಟರ್‌ನ ಕೇಳ್ದೆ ಕೊಡಬಾರ್ದು, ನಿಮ್ಮಮ್ಮಂಗೆ ಬಿಪಿ ಶುಗರ್ ಎರಡೂ ಇರೋದ್ರಿಂದ ನೀವೂ ಡಬ್ಬಿ ತಗೊಂಡು ಹೋಗಿ ಡಾಕ್ಟರ್‌ಗೆ ತೋರ್ಸಿ ಆಮೇಲೆ ಕೊಡಿ.

ಅದಕ್ಕಿಂತ ಮುಖ್ಯ, ಶುಗರ್ ಮಾತ್ರೆ ಈಗ ಯಾವ ಹೊತ್ತಿಗೆ ತಗೋತಿದ್ದಾರೆ ನೋಡಿದ್ದೀರಾ? ಮಧ್ಯರಾತ್ರಿ ಊಟ, ಹಗಲೆಲ್ಲಾ ನಿದ್ದೆ ಅಂದ್ರೆ ಮಾತ್ರೆ ನುಂಗಿ ಊಟ ಬಿಟ್ಟುಬಿಡೋ ಸಾಧ್ಯತೆ ಇರುತ್ತೆ, ಆಗ ಶುಗರ್ ತೀರಾ ಇಳಿದುಬಿಡಬಹುದು. ಬೆವರು, ಕೈ ನಡುಕ, ಮಾತು ತೊದಲೋದು ಕಂಡ್ರೆ ನಿದ್ದೆಗೆಟ್ಟಿದ್ದಕ್ಕೆ ಹಿಂಗೆ ಅಂತ ಬಿಡ್ಬೇಡಿ, ತಕ್ಷಣ ಗ್ಲುಕೋಮೀಟರ್‌ನಲ್ಲಿ ಚೆಕ್ ಮಾಡಿ. ಇನ್ಸುಲಿನ್ ಇದ್ರೆ ನೀವೇ ಹೊತ್ತು ಬದಲಾಯಿಸ್ಬೇಡಿ. ಇನ್ನೊಂದು, ಅಷ್ಟು ಹೊತ್ತು ಕೂತು ಬಂದಿರೋದ್ರಿಂದ ಕಾಲು ನೋಡಿ. ಎರಡೂ ಪಾದ ಸ್ವಲ್ಪ ಊದಿದ್ರೆ ಸಾಮಾನ್ಯವಾಗಿ ಒಂದೆರಡು ದಿನಕ್ಕೆ ಇಳಿಯುತ್ತೆ, ಆದ್ರೆ ಒಂದೇ ಕಾಲಿನ ಮೀನಖಂಡ ಊದಿ ನೋವು, ಬಿಸಿ ಇದ್ರೆ ರಕ್ತ ಹೆಪ್ಪುಗಟ್ಟಿರಬಹುದು, ಉಸಿರಾಟ ಕಷ್ಟ ಆದ್ರಂತೂ ಆ ನಿಮಿಷಕ್ಕೇ ಆಸ್ಪತ್ರೆಗೆ ಹೊರಡಿ.

ಚಾಂಪಿಯನ್ ರೀಫ್ಸ್ ಮೊಮ್ಮಗ:

ಊಟದ ಮಾತು ಬಂತಲ್ಲ, ಅದಕ್ಕೆ ಬರೀತಿದೀನಿ. ನಮ್ಮ ತಾತ ಕೆಜಿಎಫ್‌ನಲ್ಲಿ ಗಣಿಗೆ ಇಳೀತಿದ್ರು, ನೈಟ್ ಶಿಫ್ಟ್ ಇದ್ದ ವಾರ ಅಜ್ಜಿ ಹಗಲಲ್ಲಿ ಕಿಟಕಿಗೆ ಕಂಬಳಿ ಕಟ್ತಿದ್ರು, ನಾವು ಮಕ್ಕಳು ಉಸಿರೆತ್ತಂಗಿಲ್ಲ. ಶಿಫ್ಟ್ ಬದಲಾದ ಮಾರನೇ ದಿನವೇ ಕಂಬಳಿ ಬಿಚ್ಚಿ, ತಾತಂಗೆ ಹಸಿವಿರ್ಲಿ ಬಿಡ್ಲಿ ಎಲ್ಲರ ಜೊತೆ ಬೆಳಗ್ಗೆ ತಿಂಡಿಗೆ ಕೂರಿಸ್ತಿದ್ರು. ಹೊಟ್ಟೆಗೂ ಅದರದೇ ಗಡಿಯಾರ ಇದೆಯಂತೆ, ಅದು ಊಟದ ಹೊತ್ತು ನೋಡ್ಕೊಂಡು ಸರಿಯುತ್ತಂತೆ, ಅಜ್ಜಿಗೆ ಯಾರೂ ಹೇಳಿಕೊಟ್ಟಿರ್ಲಿಲ್ಲ. ಗಣಿ 2001ರಲ್ಲಿ ಮುಚ್ಚಿದ್ಮೇಲೂ ತಾತಂಗೆ ಎಷ್ಟೋ ವರ್ಷ ನಡುರಾತ್ರಿ ಎಚ್ಚರ ಆಗ್ತಿತ್ತು. ಹಂಗಾಗಿ ನಿಮ್ಮಮ್ಮಂಗೆ ಬೈಬೇಡಿ ಅಣ್ಣಾ, ಬೇಕು ಅಂತ ಮಾಡ್ತಿರೋದಲ್ಲ. ಶುಗರ್ ಡೌನ್ ಆಗಿಲ್ಲ ಅಂತ ನೋಡ್ಕೊಂಡು ರಾತ್ರಿ ಮೊಸರನ್ನ ಮಾತ್ರ ನಿಲ್ಲಿಸಿ.

ಚಿಂತಾಮಣಿ ಸರೋಜಕ್ಕ:

ಮಗೂ, ನಾನು ಎರಡು ಸಲ ಬಾಣಂತನಕ್ಕೆ ಹೋಗಿಬಂದೋಳು. ಮೇಲೆ ಹೇಳಿದ್ದೆಲ್ಲಾ ಸರಿ, ಆದ್ರೆ ನಿಮ್ಮಮ್ಮಂಗೆ ನಿದ್ದೆ ಇಲ್ಲದಿರೋದಕ್ಕೆ ಅರ್ಧ ಕಾರಣ ಆ ಕೂಸು. ಆರು ತಿಂಗಳು ಎಣ್ಣೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಟ್ಟು, ಕಾಲ ಮೇಲೆ ಮಲಗಿಸ್ಕೊಂಡಿದ್ದ ಕೂಸನ್ನ ಬಿಟ್ಟು ಬಂದ್ರೆ ಕಾಲಿಗೆ ಆ ಭಾರ ನೆನಪಿರುತ್ತೆ. ನಾನು ಬಂದ ಹೊಸದರಲ್ಲಿ ಹಂಗೇ ಕಾಲು ಚಾಚ್ಕೊಂಡು ಕೂತಿರ್ತಿದ್ದೆ, ಅಳು ಬಂದ್ಬಿಡೋದು.

ಕಾಲ್ ಮಾಡ್ಬೇಡಿ ಅಂತ ಮಾತ್ರ ಹೇಳ್ಬೇಡಪ್ಪ. ಹೊತ್ತು ಬದಲಾಯಿಸು. ನಮಗೆ ಬೆಳಗ್ಗೆ ಏಳೂವರೆ ಅಂದ್ರೆ ಅಲ್ಲಿ ಸಂಜೆ ಏಳು, ಕೂಸು ಮಲಗೋ ಮುಂಚೆ ಆಟ ಆಡೋ ಹೊತ್ತು. ತಂಗಿಗೆ ಹೇಳಿ ದಿನಾ ಆ ಹೊತ್ತಿಗೇ ಕಾಲ್ ಮಾಡ್ಸು, ಮಹಡಿ ಮೇಲೆ ಬಿಸಿಲಲ್ಲಿ ಕುರ್ಚಿ ಹಾಕಿಕೊಡು. ಬೆಳಗ್ಗೆ ಕೂಸು ಸಿಗುತ್ತೆ ಅಂತ ಗೊತ್ತಿದ್ರೆ ರಾತ್ರಿ ಎದ್ರೂ ಮತ್ತೆ ಮಲಗ್ತಾರೆ.

ರೇಷ್ಮೆಮನೆ ಹುಡುಗ:

ಎಲ್ರಿಗೂ ತುಂಬಾ ಥ್ಯಾಂಕ್ಸ್, ಐದು ದಿನ ಆದ್ಮೇಲೆ ಬರೀತಿದೀನಿ. ಡಾಕ್ಟರ್ ಹತ್ರ ಹೋಗಿದ್ವಿ, ಶುಗರ್ ಸ್ವಲ್ಪ ಏರುಪೇರಿತ್ತು, ಮಾತ್ರೆ ಊಟದ ಜೊತೆಗೇ ಇಲ್ಲಿನ ಹೊತ್ತಿಗೆ ತಗೊಳ್ಳಿ ಅಂದ್ರು. ಮೆಲಟೋನಿನ್ ಸದ್ಯಕ್ಕೆ ಬೇಡ, ಬೆಳಕಲ್ಲೇ ನೋಡೋಣ ಅಂದ್ರು. ಕಾಲಲ್ಲಿ ಏನೂ ತೊಂದ್ರೆ ಇಲ್ಲ. ರಾತ್ರಿ ಹುಳು ಮನೆ ಬೀಗದಕೈ ಅಪ್ಪನ ದಿಂಬಿನ ಕೆಳಗೆ. ಮಧ್ಯಾಹ್ನ ಅಮ್ಮ ತೋಟದ ಬದೀಲಿ ಸೊಪ್ಪು ಕೊಯ್ಯೋರ ಜೊತೆ ಕೂತಿರ್ತಾರೆ, ಮೊದಲೆರಡು ದಿನ ಕೂತಲ್ಲೇ ವಾಲ್ತಿದ್ರು, ಪಕ್ಕದಲ್ಲೇ ಕೂತು ಮಾತಾಡಿಸ್ತಿದ್ದೆ.

ಸರೋಜಕ್ಕ, ಕಾಲ್ ಬೆಳಗ್ಗೆ ಏಳೂವರೆಗೆ ಬದಲಾಯಿಸಿದ್ವಿ. ಮೊನ್ನೆ ಎರಡೂವರೆಗೆ ಎಚ್ಚರ ಆಯ್ತಂತೆ, ನಿನ್ನೆ ರಾತ್ರಿ ನಾಲ್ಕಕ್ಕೆ. ಎದ್ದು ಲೈಟ್ ಹಾಕ್ದೆ ಹಂಗೇ ಮಲಗಿದ್ರು. ಈಗ ಬೆಳಗ್ಗೆ ಏಳಕ್ಕೇ ತಲೆ ಬಾಚ್ಕೊಂಡು ಮಹಡಿ ಮೇಲೆ ಫೋನ್ ಹಿಡ್ಕೊಂಡು ಕಾಯ್ತಿರ್ತಾರೆ.