ಗಾಜಿಲ್ಲದಿದ್ದರೂ ಕನ್ನಡಿ ಅನ್ನಬಹುದಾ?

ಎಲ್ಲರಿಗೂ ನಮಸ್ಕಾರ.

ಈಗಿನ ಗಾಜಿನ ಕಲೆಯ ಬಗ್ಗೆ ಒಂದು ಲೇಖನ ಬರೆಯುತ್ತಿದ್ದೇನೆ. ಎರಡು ಪದಗಳ ಹತ್ತಿರ ಗಾಡಿ ನಿಂತಿದೆ.

ಮೊದಲನೆಯದು 'ಕನ್ನಡಿ'. ಶಿಕಾಗೋದಲ್ಲಿರುವ, ಶಿಲ್ಪಿ ಅನೀಶ್ ಕಪೂರ್ ಅವರ 'ಕ್ಲೌಡ್ ಗೇಟ್' ಶಿಲ್ಪವನ್ನು ಫೋಟೋದಲ್ಲಾದರೂ ನೋಡಿರುತ್ತೀರಿ. ಊರವರು ಅದನ್ನು 'ಬೀನ್' ಅನ್ನುತ್ತಾರೆ. ಆಕಾಶ, ಕಟ್ಟಡ, ಎದುರು ನಿಂತವರ ಮುಖ ಎಲ್ಲವೂ ಅದರಲ್ಲಿ ಬಾಗಿ ಕಾಣುತ್ತದೆ. ಆದರೆ ಗಾಜು ಒಂದು ಚೂರೂ ಇಲ್ಲ. 168 ಸ್ಟೇನ್‌ಲೆಸ್ ಸ್ಟೀಲ್ ತಗಡುಗಳನ್ನು ಬೆಸೆದು, ಬೆಸುಗೆಯ ಗುರುತೂ ಕಾಣದ ಹಾಗೆ ಉಜ್ಜಿದ್ದಾರೆ. ನಾನು 'ಕನ್ನಡಿ ಶಿಲ್ಪ' ಅಂತ ಬರೆದಿದ್ದೆ. ಕರಡು ಓದಿದ ಗೆಳೆಯರು "ಗಾಜೇ ಇಲ್ಲ, ಕನ್ನಡಿ ಎಲ್ಲಿಂದ ಬಂತು?" ಅಂತ ಅಡಿಗೆರೆ ಎಳೆದು ಕಳಿಸಿದರು.

ಕನ್ನಡಿ ಅನ್ನೋದು ವಸ್ತುವಿನ ಹೆಸರಲ್ಲ, ಅದು ಮಾಡುವ ಕೆಲಸದ ಹೆಸರು ಅಂತ ನನ್ನ ವಾದ. ಬೇಲೂರಿನ ದರ್ಪಣ ಸುಂದರಿಯ ಕೈಯಲ್ಲಿರುವುದನ್ನು ಕನ್ನಡಿ ಅಂತಲೇ ಹೇಳುತ್ತೇವೆ, ಅಲ್ವಾ? 12ನೇ ಶತಮಾನದ ಕನ್ನಡಿ ಅಂದರೆ ಉಜ್ಜಿ ಹೊಳಪು ಬರಿಸಿದ ಲೋಹ. ಕೇರಳದ ಆರನ್ಮುಳದಲ್ಲಿ ತಾಮ್ರ, ತವರ ಕೂಡಿಸಿ ಇವತ್ತಿಗೂ ಅಂಥದ್ದನ್ನು ಮಾಡುತ್ತಾರೆ. ಅದರ ಹೆಸರೂ 'ಆರನ್ಮುಳ ಕಣ್ಣಾಡಿ'! ಇನ್ನು ತಮಿಳಿನಲ್ಲಿ ಕಣ್ಣಾಡಿ ಅಂದರೆ ಮುಖ ನೋಡಿಕೊಳ್ಳುವ ಕನ್ನಡಿಯೂ ಹೌದು, ಗಾಜೂ ಹೌದು, ಕನ್ನಡಕವೂ ಹೌದು. ನಮ್ಮಲ್ಲಿ ಮೂರಕ್ಕೂ ಬೇರೆ ಬೇರೆ ಪದಗಳಿವೆ. ಇಷ್ಟು ಅನುಕೂಲ ಇರುವಾಗ ಸುಮ್ನೆ ಯಾಕೆ ಕನ್ನಡಿಯನ್ನು ಗಾಜಿಗೆ ಕಟ್ಟಿಹಾಕಬೇಕು?

ಗೆಳೆಯರ ಮಾತಿನಲ್ಲೂ ಹುರುಳಿದೆ. ಅದೇ ಲೇಖನದಲ್ಲಿ ಜಪಾನಿನ ಕಲಾವಿದೆ ಯಾಯೋಯಿ ಕುಸಾಮಾ ಅವರ ಕನ್ನಡಿ ಕೋಣೆಗಳೂ ಬರುತ್ತವೆ. ಅವು ಮಾಮೂಲಿ ಕನ್ನಡಿಗಳದ್ದೇ. ಪಕ್ಕಪಕ್ಕ ಓದಿದವರು ಎರಡೂ ಒಂದೇ ಅಂದುಕೊಳ್ಳಬಹುದು. 'ಕನ್ನಡಿಮೈ ಶಿಲ್ಪ' ಅಂದರೆ ಹೇಗೆ? 'ದರ್ಪಣ' ಬೇಡ, ಬೇಲೂರಿನಲ್ಲೇ ಇರಲಿ.

ಎರಡನೆಯದು 'ಎರಕ'. ಊದಿ ಮಾಡಿದ ಗಾಜಿಗೆ 'ಊದುಗಾಜು' ಅಂದರೆ ಮುಗಿಯಿತು. ಆದರೆ ಚೆಕ್ ದಂಪತಿ ಲಿಬೆನ್ಸ್ಕಿ ಮತ್ತು ಬ್ರಿಖ್ಟೋವಾ ಅಚ್ಚಿನೊಳಗೇ ಗಾಜನ್ನು ಕರಗಿಸಿ ದೊಡ್ಡ ದೊಡ್ಡ ಶಿಲ್ಪ ಮಾಡಿದರು. ಎರಕ ಅಂದರೆ ಎರೆಯಬೇಕು, ಹೊಯ್ಯಬೇಕು. ಇಲ್ಲಿ ಹೊಯ್ಯುವುದೇ ಇಲ್ಲ. 'ಅಚ್ಚುಗಾಜು' ಸರಿಹೋದೀತೇ? ಆಮೇಲೆ ಅದನ್ನು ಕುಲುಮೆಯಲ್ಲೇ ತೀರಾ ನಿಧಾನವಾಗಿ ತಣಿಸಬೇಕು, ಅವಸರ ಮಾಡಿದರೆ ಬಿರುಕು. ಅದಕ್ಕೆ 'ಆರಿಸು' ಅಂದರೆ ದೀಪ ಆರಿಸಿದ ಹಾಗಾಗುತ್ತದೆ. ಗಾಜಿನ ಬಳೆ ಮಾಡುವ ಕಡೆ ಇದ್ದವರು ಯಾರಾದರೂ ಇದ್ದರೆ, ಅಲ್ಲಿ ಇದಕ್ಕೆ ಏನಂತಾರೆ ತಿಳಿಸಿ.