3ನೇ ಕ್ರಾಸ್ ಮೋರಿ ವಿಷಯ ನಗರಸಭೆ ಸಾಮಾನ್ಯ ಸಭೆಗೆ: ಅರ್ಜಿಯಲ್ಲಿ ಏನು ಬರೆಯೋಣ?

ಸಂಘದ ಕಾರ್ಯದರ್ಶಿ:
ಎಲ್ಲರಿಗೂ ನಮಸ್ಕಾರ. ಆರಿದ್ರಾ ಮಳೆ ಹಿಡಿಯುವ ಮೊದಲು 3ನೇ ಕ್ರಾಸ್ ತಿರುವಿನ ಮೋರಿ (ರಸ್ತೆಯಡಿ ಚರಂಡಿ ನೀರು ದಾಟುವ ಪೈಪು) ಬದಲಾಗದಿದ್ದರೆ ಕೆಳಗಿನ ಸಾಲಿನ ಸಂಪುಗಳಿಗೆ ಈ ಸಲವೂ ಚರಂಡಿ ನೀರು ನುಗ್ಗುತ್ತದೆ. ಚಿಕ್ಕಮಗಳೂರಿನ ಮಳೆ ಒಂದು ದಿನಕ್ಕೆ ಬಿಡುವಂಥದ್ದಲ್ಲ. ಸಾಮಾನ್ಯ ಸಭೆಯ ಕಾರ್ಯಸೂಚಿಗೆ ವಿಷಯ ಸೇರಿಸಲು ಅರ್ಜಿ ಬರೆಯುತ್ತಿದ್ದೇವೆ. ತಿಳಿದವರು ಸಲಹೆ ಕೊಡಿ.

ಸಿವಿಲ್ ಇಂಜಿನಿಯರ್, 4ನೇ ಕ್ರಾಸ್:
"ಮೋರಿ ದುರಸ್ತಿ ಮಾಡಿಕೊಡಿ" ಅಂತ ಬರೆಯಬೇಡಿ. ಹಾಗೆ ಬರೆದರೆ ಹೂಳೆತ್ತಿದರೂ ಕೆಲಸ ಮುಗಿದ ಲೆಕ್ಕ. ಅಲ್ಲಿರುವುದು 300 ಮಿ.ಮೀ. ಪೈಪು. ಬಾಯಿಗೆ ಒಂದು ತೆಂಗಿನ ಗರಿ ಅಡ್ಡ ಬಿದ್ದರೆ ಸಾಕು, ಪ್ಲಾಸ್ಟಿಕ್ ಕವರುಗಳು ಅದಕ್ಕೆ ಸಿಕ್ಕಿಕೊಂಡು ನೀರಿನ ವೇಗ ಇಳಿಯುತ್ತದೆ, ಮರಳು ಅಲ್ಲೇ ಕೂರುತ್ತದೆ. ಇಳಿಜಾರು ಅಷ್ಟೇ ಇದ್ದರೂ 600 ಮಿ.ಮೀ. ಪೈಪು ಇದರ ಆರು ಪಟ್ಟಿಗೂ ಹೆಚ್ಚು ನೀರು ಒಯ್ಯುತ್ತದೆ. ಲಾರಿ ಓಡಾಡುವ ರಸ್ತೆ, ಹಾಗಾಗಿ ಭಾರ ತಡೆಯುವ ಎನ್‌ಪಿ3 ದರ್ಜೆಯ ಕಾಂಕ್ರೀಟ್ ಪೈಪೇ ಬೇಕು.

ಒಂದು ತೊಡಕಿದೆ. ಪೈಪಿನ ನೆತ್ತಿಯ ಮೇಲೆ ಕನಿಷ್ಠ 600 ಮಿ.ಮೀ. ಮಣ್ಣು ಇರಬೇಕು. ಅಂದರೆ ಚರಂಡಿ ತಳದಿಂದ ರಸ್ತೆ ಮಟ್ಟಕ್ಕೆ ಒಂದೂಕಾಲು ಮೀಟರಿಗಿಂತ ಹೆಚ್ಚು ಆಳ ಬೇಕು. ಅಷ್ಟು ಸಿಗದೆ ಹೋದರೆ ಪೈಪು ಒಡೆಯುತ್ತದೆ. ಆಗ ಪೈಪಿನ ಬದಲು ಎರಡು ಬದಿ ಗೋಡೆ ಕಟ್ಟಿ ಮೇಲೆ ಕಾಂಕ್ರೀಟ್ ಹಲಗೆ ಹಾಕುವ ಸ್ಲ್ಯಾಬ್ ಮೋರಿಯೇ ಸರಿ. ಅಳತೆ ಪಟ್ಟಿ ಹಿಡಿದು ಆಳ ನೋಡಿ, ಫೋಟೋ ಸಮೇತ ಅರ್ಜಿಗೆ ಲಗತ್ತಿಸಿ.

2ನೇ ಕ್ರಾಸ್ ನಿವಾಸಿ:
ನಮ್ಮದು ಖಾಸಗಿ ಬಡಾವಣೆ. ರಸ್ತೆ, ಚರಂಡಿ ನಗರಸಭೆಗೆ ಹಸ್ತಾಂತರ ಆಗಿದೆಯಾ? ಆಗಿಲ್ಲ ಅಂದರೆ ಮೊದಲ ಪ್ರಶ್ನೆಗೇ ಕಡತ ವಾಪಸ್ ಬರುತ್ತದೆ.

ನಿವೃತ್ತ ಕಚೇರಿ ಅಧೀಕ್ಷಕರು, 1ನೇ ಕ್ರಾಸ್:
ಸರಿಯಾದ ಪ್ರಶ್ನೆ. ಹಸ್ತಾಂತರ ಪತ್ರದ ಪ್ರತಿ ಅರ್ಜಿಯ ಜೊತೆಗೇ ಇರಲಿ. ಕೈಯಲ್ಲಿ ಇಲ್ಲದಿದ್ದರೆ ನಗರಾಭಿವೃದ್ಧಿ ಪ್ರಾಧಿಕಾರದಲ್ಲಿ ಮಾಹಿತಿ ಹಕ್ಕಿನಡಿ ಕೇಳಿ: ಶುಲ್ಕ 10 ರೂಪಾಯಿ, ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಬಾರದು, ಉತ್ತರಕ್ಕೆ 30 ದಿನ. ಆದ್ದರಿಂದ ಅದನ್ನು ಇವತ್ತೇ ಹಾಕಿ.

ಇನ್ನು ಸಭೆ. ಅರ್ಜಿ ಪೌರಾಯುಕ್ತರ ಹೆಸರಿಗೆ ಎರಡು ಪ್ರತಿ. ಟಪಾಲು ವಿಭಾಗದಲ್ಲಿ ಮೊಹರು, ಸ್ವೀಕೃತಿ ಸಂಖ್ಯೆ ಹಾಕಿಸಿಕೊಂಡೇ ಬನ್ನಿ. ಸಭೆಯಲ್ಲಿ ಮಾತಾಡುವುದು ಸದಸ್ಯರು, ನಾವಲ್ಲ. ಹಾಗಾಗಿ ವಾರ್ಡ್ ಸದಸ್ಯರ ಲಿಖಿತ ಪತ್ರವೂ ಬೇಕು. ಕೌನ್ಸಿಲ್ ಅವಧಿ ಮುಗಿದು ಆಡಳಿತಾಧಿಕಾರಿ ಇದ್ದರೆ ಅದೇ ಅರ್ಜಿ ಅವರಿಗೆ ಹೋಗಲಿ.

ಗಮನಿಸಿ: "ಅಧ್ಯಕ್ಷರ ಅನುಮತಿ ಮೇರೆಗೆ ಇತರೆ ವಿಷಯಗಳು" ಎಂಬ ಕೊನೆಯ ಬಾಬ್ತಿಗೆ ನಮ್ಮ ವಿಷಯ ಬಿಡಬೇಡಿ. ಅಲ್ಲಿ ಬಂದ ವಿಷಯಕ್ಕೆ ಕಚೇರಿ ಟಿಪ್ಪಣಿ ಇರುವುದಿಲ್ಲ, ಅಂದಾಜುಪಟ್ಟಿ ಇರುವುದಿಲ್ಲ. "ಪರಿಶೀಲಿಸಲು ಸೂಚಿಸಲಾಯಿತು" ಅಂತ ನಡಾವಳಿಯಲ್ಲಿ ಒಂದು ಸಾಲು ಬಿದ್ದರೆ ಮಳೆಗಾಲ ಕಳೆದೇ ಹೋಗುತ್ತದೆ. ನಿರ್ಣಯದಲ್ಲಿ ಜಾಗ, ಉದ್ದ, ಮೋರಿಯ ಅಳತೆ, ಯಾವ ಅನುದಾನ ಅನ್ನುವುದು ಇರಲೇಬೇಕು. ಆಮೇಲೂ ಕ್ರಿಯಾಯೋಜನೆ, ತಾಂತ್ರಿಕ ಮಂಜೂರಾತಿ, ಟೆಂಡರ್, ಕಾರ್ಯಾದೇಶ ಇವೆ. ಸಹಾಯಕ ಇಂಜಿನಿಯರ್ ಸ್ಥಳಕ್ಕೆ ಬಂದು ಅಂದಾಜು ಮಾಡುವ ಕೆಲಸ ಸಭೆಗೆ ಮೊದಲೇ ಆದರೆ ತಿಂಗಳುಗಳು ಉಳಿಯುತ್ತವೆ.

3ನೇ ಕ್ರಾಸ್ ಕೆಳಗಿನ ಸಾಲು:
ಮ್ಯಾನ್‌ಹೋಲ್ ಉಕ್ಕುವುದನ್ನೂ ಇದೇ ಅರ್ಜಿಗೆ ಸೇರಿಸೋಣವೇ?

ಸಿವಿಲ್ ಇಂಜಿನಿಯರ್, 4ನೇ ಕ್ರಾಸ್:
ಬೇಡ, ಎರಡೂ ಕಲಸಿ ಹೋಗುತ್ತವೆ. ಮ್ಯಾನ್‌ಹೋಲ್ ಉಕ್ಕಲು ಮುಖ್ಯ ಕಾರಣ ತಾರಸಿ ನೀರಿನ ಪೈಪನ್ನು ಒಳಚರಂಡಿ ಚೇಂಬರ್‌ಗೆ ಕೊಟ್ಟಿರುವುದು. ಒಳಚರಂಡಿ ಕೊಳವೆಯನ್ನು ಮಳೆನೀರಿನ ಲೆಕ್ಕಕ್ಕೆ ಹಾಕಿರುವುದಿಲ್ಲ. ಯಾರ ಮನೆಯಲ್ಲಿ ಹಾಗಿದೆಯೋ ದಯವಿಟ್ಟು ಈ ವಾರವೇ ಬಿಡಿಸಿ ಇಂಗುಗುಂಡಿಗೋ ಮಳೆನೀರು ಚರಂಡಿಗೋ ತಿರುಗಿಸಿ. ಇದಕ್ಕೆ ಯಾರ ಮಂಜೂರಾತಿಯೂ ಬೇಕಿಲ್ಲ.

ಸಂಘದ ಕಾರ್ಯದರ್ಶಿ:
ಭಾನುವಾರ ಬೆಳಿಗ್ಗೆ ಪಾರ್ಕ್ ಗೇಟಿನ ಹತ್ತಿರ ಸಹಿ ಸಂಗ್ರಹ. ಹೆಸರಿನ ಎದುರು ಖಾತಾ ಸಂಖ್ಯೆ ಬರೆಯಿರಿ. ಆಳ ಅಳೆಯಲು ಇಬ್ಬರು ಬೇಕು, ಟೇಪು ನನ್ನ ಹತ್ತಿರ ಇದೆ.