ನೌಬಾದ್ ಕಡೆ ಲೇಔಟ್ ಮಂಜೂರಿ ಬೇಗ ಆಗಬೇಕು, ಕರೇಜ್ ಕೂಡ ಉಳಿಯಬೇಕು: ಹೇಗೆ?

ಪ್ರಶ್ನೆ: ಬೀದರ್‌ನ ನೌಬಾದ್ ಕಡೆ ಎನ್‌ಎ (ಕೃಷಿ ಜಮೀನನ್ನು ಕೃಷಿಯೇತರ ಮಾಡೋದು), ಲೇಔಟ್, ಕಟ್ಟಡ ಪರವಾನಗಿ ಒಂದರ ಹಿಂದೊಂದು ನಡೆದು ಮನೆ ತಡ ಆಗ್ತದ. ನಿಯಮ ಸಡಿಲಿಸಿದರೆ ಕರೇಜ್ (ನೆಲದಡಿಯ ಹಳೇ ನೀರಿನ ಕಾಲುವೆ), ಸ್ಮಾರಕಗಳ ಗತಿ ಏನ್ರಿ?

ಉತ್ತರ 1: ಹಂತ ಕಿತ್ತುಹಾಕೋದು ಬೇಡ, ಜೊತೆಯಾಗಿ ನಡೀಲಿ. ಮಹಾಯೋಜನೆಯಲ್ಲಿ (ಊರಿನ ಮಾಸ್ಟರ್ ಪ್ಲಾನ್) ಜಮೀನು ವಸತಿ ವಲಯದಲ್ಲೇ ಇದ್ದರೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಕಲಂ 14-ಎ ಅಡಿ ಭೂಬಳಕೆ ಬದಲಾವಣೆ ಬೇಕಿಲ್ಲ. ಭೂಕಂದಾಯ ಕಾಯ್ದೆಯ ಕಲಂ 95ರ ಪರಿವರ್ತನೆ (ಅದೇ ಎನ್‌ಎ), ಲೇಔಟ್ ಪರಿಶೀಲನೆ ಎರಡೂ ಒಂದೇ ಅರ್ಜಿಯಲ್ಲಿ ಸಾಗಬೇಕು. ಪಹಣಿ ವಿಸ್ತೀರ್ಣಕ್ಕೂ 11ಇ ನಕ್ಷೆಗೂ (ಸರ್ವೆಯವರು ಅಳೆದು ಕೊಡೋ ನಕ್ಷೆ) ತಾಳೆಯಾಗದಿದ್ದರೆ ಫೈಲ್ ನಿಲ್ತದ. ಪೋಡಿ (ಸರ್ವೆ ನಂಬರ್ ಅಳೆದು ಬೇರೆ ಮಾಡೋದು) ಮೊದಲು ಮುಗಿಸ್ರಿ.

ಉತ್ತರ 2: ಕೋಟೆ, ಗವಾನ್ ಮದರಸಾ ಹತ್ತಿರ ಲೆಕ್ಕವೇ ಬೇರೆ. ಕೇಂದ್ರದ ಪ್ರಾಚೀನ ಸ್ಮಾರಕ ಕಾಯ್ದೆಯ 2010ರ ತಿದ್ದುಪಡಿ ಪ್ರಕಾರ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಅಳತೆ ಸಂರಕ್ಷಿತ ಪ್ರದೇಶದ ಗಡಿಯಿಂದ, ಕಟ್ಟಡದ ಗೋಡೆಯಿಂದಲ್ಲ. ಇಲ್ಲೇ ಬಹಳ ಮಂದಿ ತಪ್ಪೋದು. ಈ ಗೆರೆಗಳನ್ನು ಸರ್ವೆ ನಂಬರ್‌ವಾರು ಪ್ರಕಟಿಸಿದರೆ ಗೆರೆಯಾಚೆ ಜಾಗ ಇರೋರು ಎನ್‌ಒಸಿಗೆ (ನಿರಾಕ್ಷೇಪಣಾ ಪತ್ರ) ಅಲೆಯೋದು ತಪ್ತದ.

ಉತ್ತರ 3: ಕರೇಜ್‌ಗೆ ಬೇಲಿ ಸಾಲದು. ಮೇಲೆ ಕಾಣೋದು ಗಾಳಿಬಾವಿ ಮಾತ್ರ, ಕಾಲುವೆ ಅವುಗಳ ನಡುವೆ ನೆಲದಡಿ ಹರೀತದ. ಬೀದರ್‌ನ ಜಂಬಿಟ್ಟಿಗೆಯಲ್ಲಿ ನೀರು ಸುಲಭವಾಗಿ ಇಳೀತದ, ಹಾಗಾಗಿ ಮನೆಯ ಹೊಲಸು ನೀರಿನ ಇಂಗುಗುಂಡಿಯ ಕೊಳಕೂ ಕಾಲುವೆ ಸೇರ್ತದ. ಬೋರ್‌ವೆಲ್ ಹೊಡೆದರೆ ಒರತೆಯೇ ಬತ್ತಬಹುದು. ಇಡೀ ಮಾರ್ಗವನ್ನು ಮಹಾಯೋಜನೆಗೆ ಸೇರಿಸಿ, ಎರಡೂ ಬದಿ ಬೋರ್, ಇಂಗುಗುಂಡಿ, ನೆಲಮಾಳಿಗೆ ನಿಷೇಧಿಸಬೇಕು. ಲೇಔಟಿನ ಉದ್ಯಾನದ ಜಾಗ ಕಾಲುವೆ ಮೇಲಿನ ಆ ನೆಲದ ಪಟ್ಟಿಯಲ್ಲೇ ಬರಲಿ, ಮಾಲೀಕರಿಗೂ ನಷ್ಟ ಕಡಿಮೆ.